ಕೊಡತಕ್ಕದ್ದು, ಕೊಡಬಹುದು

ಕೊನೆಯ ಎಂಟೊಂಬತ್ತು ವರ್ಷ ಅಕ್ಕಯಮ್ಮನ ಬಾಯಲ್ಲಿ ಒಂದು ಮಾತು ಬರಲೇ ಇಲ್ಲ. ಆ ಮಾತು ‘ಬಹುದು’. ಬಾಗಿಲಲ್ಲಿ ನಿಂತು ಯಾರಾದರೂ “ಒಳಗೆ ಬರ್ಬಹುದಾ?” ಎಂದು ಕೇಳಿದರೆ ಅವಳು “ಬಾ” ಅನ್ನುತ್ತಿದ್ದಳು, ಇಲ್ಲವೇ “ಬರಬ್ಯಾಡ” ಅನ್ನುತ್ತಿದ್ದಳು. ನಾಳೆ ಅರ್ಧ ಸೇರು ಹಾಲು ಹೆಚ್ಚಿಗೆ ಸಿಗಬಹುದಾ ಎಂದು ಕೇಳಿದ ಜಯನಗರದ ಹೆಂಗಸರಿಗೂ ಅಷ್ಟೇ, ಸಿಕ್ತದೆ ಅಥವಾ ಸಿಕ್ಕಲ್ಲ. ಸಂಜೆ ಮಳೆ ಬರಬಹುದು ಎಂದು ಪಕ್ಕದ ಮನೆಯಾಕೆ ಮೋಡ ನೋಡಿ ಅಂದರೆ, “ಬತ್ತದೋ ಇಲ್ವೋ ಅದನ್ನ ಹೇಳು, ಇಲ್ದಿದ್ರೆ ಸುಮ್ನಿರು” ಎಂದು ರೇಗುತ್ತಿದ್ದಳು. ಮಳೆಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಯಾರಿಗೂ ಹಿಡಿಸುವುದಿಲ್ಲ. ಮುದುಕಿಯ ನಾಲಗೆ ಒರಟು ಎಂದು ಕೇರಿಯವರು ತೀರ್ಮಾನ ಮಾಡಿಬಿಟ್ಟಿದ್ದರು.

ಅದು ಹುಟ್ಟಿನಿಂದ ಬಂದ ಒರಟಲ್ಲ. ಅದಕ್ಕೊಂದು ತಾರೀಖಿದೆ, ಒಂದು ನಿಯಮದ ನಂಬರಿದೆ, ಇನ್ನೂರ ಹನ್ನೆರಡು ಹೆಬ್ಬೆಟ್ಟಿನ ಗುರುತಿದೆ.

ಅಕ್ಕಯಮ್ಮ ಬೈರಸಂದ್ರದವಳು. ಅವಳು ಮದುವೆಯಾಗಿ ಬಂದಾಗ ಊರ ಸುತ್ತ ರಾಗಿಯ ಹೊಲಗಳಿದ್ದವು. ಆಮೇಲೆ ಹೊಲದಲ್ಲಿ ಗೂಟ ಹೊಡೆದರು, ದಾರ ಎಳೆದರು, ಜಯನಗರ ಎಂದು ಹೆಸರಿಟ್ಟರು. ಹೊಲ ಹೋದವರು ಗಾಡಿ ಹೊಡೆದರು, ಗಾರೆ ಕಲಸಿದರು, ಅದೇ ಹೊಲದಲ್ಲಿ ಏಳುತ್ತಿದ್ದ ಮನೆಗಳಿಗೆ ಹಾಲು ಮಾರಿದರು. ಅಕ್ಕಯಮ್ಮನ ಗಂಡ ಎತ್ತಿನ ಗಾಡಿಯಲ್ಲಿ ಕಲ್ಲು ಚಪ್ಪಡಿ ಸಾಗಿಸುತ್ತಿದ್ದ. ನಲವತ್ತೊಂಬತ್ತರ ಬೇಸಗೆಯಲ್ಲಿ ಇಳಿಜಾರಿನಲ್ಲಿ ಗಾಡಿ ಮಗುಚಿತು, ಚಪ್ಪಡಿಗಳು ಅವನ ಮೇಲೆ ಬಿದ್ದವು.

ಮೂರನೆಯ ದಿನಕ್ಕೇ ನೆಂಟರು ಅವಳ ಮೂವರು ಮಕ್ಕಳನ್ನು ಹಂಚಿಕೊಂಡಿದ್ದರು. ದೊಡ್ಡವನು ಬೇಗೂರಿಗೆ, ನಡುವಿನವನು ಹುಳಿಮಾವಿಗೆ, ಚಿಕ್ಕದು ಸದ್ಯಕ್ಕೆ ತಾಯಿಯ ಹತ್ತಿರ. ಯಾರೂ ಕೆಟ್ಟವರಲ್ಲ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ತುತ್ತು ಹೆಚ್ಚಿಗೆ ಇತ್ತು, ಅಷ್ಟೇ. ಅಕ್ಕಯಮ್ಮ ಮೂಲೆಯಲ್ಲಿ ಕೂತು ಈ ಹಂಚಿಕೆಯನ್ನು ಕೇಳಿಸಿಕೊಂಡಳು. ಅಳುವುದಕ್ಕೂ ತ್ರಾಣ ಇರಲಿಲ್ಲ.

ಐದನೆಯ ದಿನ ಸೋಮಲಿಂಗಪ್ಪನವರು ಬಂದರು. ಅವರು ಶ್ರೀ ಬಯಲಾಂಜನೇಯ ಪರಸ್ಪರ ಸಹಾಯ ನಿಧಿಯ ಕಾರ್ಯದರ್ಶಿ. ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಅಕ್ಷರ ಮುದ್ದಾಗಿತ್ತು. ಗಂಡ ನಿಧಿಯ ಸದಸ್ಯನಾಗಿದ್ದ ಎಂಬುದೇ ಅವಳಿಗೆ ಆವತ್ತು ಗೊತ್ತಾಗಿದ್ದು. ಸೋಮಲಿಂಗಪ್ಪನವರು ಜಗಲಿಯ ಮೇಲೆ ಕೂತು, ಕನ್ನಡಕ ಏರಿಸಿ, ನಿಧಿಯ ನಿಯಮದ ಪುಸ್ತಕ ತೆಗೆದು ನೆಂಟರೆಲ್ಲರ ಎದುರಿಗೆ ಏಳನೆಯ ನಿಯಮ ಓದಿದರು. “ಸದಸ್ಯನು ಮೃತನಾದ ಪಕ್ಷದಲ್ಲಿ ಅವನ ವಾರಸುದಾರರಿಗೆ ಹನ್ನೊಂದನೆಯ ದಿನದೊಳಗಾಗಿ ಸಹಾಯಧನವನ್ನು ಕೊಡತಕ್ಕದ್ದು.”

ಮೃತ, ಪಕ್ಷ, ವಾರಸುದಾರ ಒಂದೂ ಅವಳಿಗೆ ತಿಳಿಯಲಿಲ್ಲ. ಕೊನೆಯ ಮಾತು ಮಾತ್ರ ತಿಳಿಯಿತು. ಕೊಡತಕ್ಕದ್ದು. ಅದನ್ನು ಅವರು ಒತ್ತಿ ಓದಿದ್ದರು. ಒಂಬತ್ತನೆಯ ದಿನ ಹಣ ಬಂತು, ಆ ಹಣ ಒಂದು ಎಮ್ಮೆಯಾಯಿತು. ಮೂವರು ಮಕ್ಕಳೂ ಅವಳ ಸೂರಿನ ಕೆಳಗೇ ಮಲಗಿದರು. ಬೇಗೂರಿನವರೂ ಹುಳಿಮಾವಿನವರೂ ತಮ್ಮ ತಮ್ಮ ದಾರಿ ಹಿಡಿದರು.

ಆ ನಿಧಿಗೆ ತಿಂಗಳ ಕಂತು ಎಂಬುದೇ ಇರಲಿಲ್ಲ. ಸೇರುವಾಗ ಕಟ್ಟುವ ಪ್ರವೇಶದ ಹಣ ಮಾತ್ರ ಗಂಟಿನಲ್ಲಿರುತ್ತಿತ್ತು. ಸದಸ್ಯರಲ್ಲಿ ಯಾರಾದರೂ ಸತ್ತರೆ ಉಳಿದವರು ತಲೆಗೊಂದು ರೂಪಾಯಿ ಹಾಕಬೇಕು, ಹಾಕಿದ್ದೆಲ್ಲ ಸತ್ತವನ ಮನೆಗೆ. ಗಾರೆಯವರು, ಗಾಡಿಯವರು, ಊದಿನಕಡ್ಡಿ ಹೊಸೆಯುವವರು, ಸೊಪ್ಪು ಮಾರುವವರು, ಹೀಗೆ ಬೈರಸಂದ್ರದಿಂದ ಹನುಮಂತನಗರದ ಗುಡ್ಡದ ತನಕ ಸದಸ್ಯರಿದ್ದರು. ಸಾವಿನ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿ ಆ ರೂಪಾಯಿ ತರುವುದಕ್ಕೆ ಒಬ್ಬರು ಬೇಕಿತ್ತು. ಎಮ್ಮೆ ಕೊಂಡ ಮಾರನೆಯ ತಿಂಗಳೇ ಅಕ್ಕಯಮ್ಮ ಸೋಮಲಿಂಗಪ್ಪನವರ ಮುಂದೆ ನಿಂತು, “ಆ ಕೆಲಸ ನಾನು ಮಾಡ್ತೀನಿ ಸಾಮಿ” ಅಂದಳು. ಅದರಲ್ಲಿ ಅವಳಿಗೆ ಸಿಗುತ್ತಿದ್ದದ್ದು ಬಸ್ ಚಾರ್ಜಿಗೆ ಸಾಲುವಷ್ಟು. ಬಸ್ಸನ್ನೂ ಅವಳು ಹತ್ತುತ್ತಿರಲಿಲ್ಲ.

ಹಾಲು ಹಾಕುವವಳೂ ಅವಳೇ, ಸಾವು ಹೇಳುವವಳೂ ಅವಳೇ ಆದ್ದರಿಂದ ಬೀದಿಯವರಿಗೆ ಗಲಿಬಿಲಿಯಾಗುತ್ತಿತ್ತು. ಅದಕ್ಕೆ ಅವಳೇ ಒಂದು ಕ್ರಮ ಮಾಡಿಕೊಂಡಳು. ಕೈಯಲ್ಲಿ ಚೊಂಬಿದ್ದರೆ ಹಾಲು, ಬರಿಗೈಯಾದರೆ ಸಾವು. ಅವಳು ಬರಿಗೈಯಲ್ಲಿ ಬರುವುದು ಕಂಡರೆ ಆಡುವ ಮಕ್ಕಳನ್ನು ತಾಯಂದಿರು ಒಳಗೆ ಎಳೆದುಕೊಳ್ಳುತ್ತಿದ್ದರು. ಅವಳು ಬೀದಿಯಲ್ಲೇ ನಿಂತು, “ನಿಧಿಯಿಂದ ಬಂದಿವ್ನಿ. ಇಂಥೋರು ಹೋದ್ರು” ಅನ್ನುತ್ತಿದ್ದಳು. ಮನೆಯವರು ರೂಪಾಯಿಯನ್ನು ಮೆಟ್ಟಿಲ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದರು. ಆವತ್ತು ಯಾರೂ ಅವಳನ್ನು ಹೊಸಲು ದಾಟಿಸುತ್ತಿರಲಿಲ್ಲ, ಒಂದು ಲೋಟ ನೀರೂ ಇಲ್ಲ. ಅವಳಿಗೆ ಅದರಿಂದ ಬೇಸರವಾಗುತ್ತಿತ್ತು. ಆದರೆ ಈ ರೂಪಾಯಿ ಯಾವ ಮಕ್ಕಳನ್ನು ಎಲ್ಲಿಗೂ ಹೋಗದಂತೆ ಹಿಡಿದು ನಿಲ್ಲಿಸುತ್ತದೆ ಎಂದು ಅವಳಿಗೆ ಗೊತ್ತಿತ್ತು, ಆದ್ದರಿಂದ ಮುಂದಿನ ಮನೆಗೆ ಹೋಗುತ್ತಿದ್ದಳು.

ಒಂದೇ ಒಂದು ಮನೆಯಲ್ಲಿ ಮಾತ್ರ ಬೇರೆ ಪದ್ಧತಿ. ಕೆರೆಯ ಕಡೆಯ ವಠಾರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ ಗಾರೆಯ ಚಿಕ್ಕಬೈರಪ್ಪನ ಮನೆ ಅದು. ಅವನು ಬಸವನಗುಡಿಯ ದೊಡ್ಡ ಮನೆಗಳಲ್ಲಿ ವರ್ಷಗಟ್ಟಲೆ ರಿಪೇರಿ ಕೆಲಸ ಮಾಡಿ ಅಲ್ಲಿನ ಹಿರಿಯರ ಮಾತಿನ ಧಾಟಿಯನ್ನು ಕಲಿತುಬಂದಿದ್ದ. ಆ ಹಿರಿಯರು ಬಾ, ಕೂತುಕೋ ಎಂದು ಹೇಳುವವರಲ್ಲ. ಬರಬಹುದು, ಕೂರಬಹುದು, ಎಲೆ ಹಾಕಿದೆ ಊಟಕ್ಕೆ ಏಳಬಹುದು ಎನ್ನುವವರು. ಚಿಕ್ಕಬೈರಪ್ಪನಿಗೆ ಅದು ಬಲು ಇಷ್ಟವಾಗಿ, ಗಾರೆ ಮೆತ್ತಿದ ಕೈಯನ್ನು ಮುಂದೆ ಚಾಚಿ, “ಒಳಗೆ ಬರ್ಬಹುದು, ಅಕ್ಕಯಮ್ಮ” ಅನ್ನುತ್ತಿದ್ದ. ಸಾವಿನ ಸುದ್ದಿ ತಂದ ದಿನವೂ ಹಾಗೆಯೇ. ಅವನ ಹೆಂಡತಿ ಅಂಜನಮ್ಮ ಬಾಯಿಗೆ ಸೆರಗು ಮುಚ್ಚಿ ನಗುತ್ತಾ ಕಾಫಿ ಕೊಟ್ಟರೆ, “ತಗೋಬಹುದು” ಎಂದು ಇನ್ನೊಂದು. ಮಗಳು ವಿಮಲಾಳೂ ಅಪ್ಪನನ್ನು ನೋಡಿ ಹಾಗೆಯೇ ಕಲಿತಿದ್ದಳು. ಆ ಮನೆಯಲ್ಲಿ ಕೂತ ಹೊತ್ತು ಅಕ್ಕಯಮ್ಮನಿಗೆ ತಾನೂ ಎಲ್ಲರಂತೆ ಒಬ್ಬ ಹೆಂಗಸು ಅನ್ನಿಸುತ್ತಿತ್ತು.

ಐವತ್ತೇಳರ ಮೊದಲಲ್ಲಿ ಸರ್ಕಾರದ ಕಾಗದ ಬಂತು. ನಿಧಿಯ ಅಧ್ಯಕ್ಷರಾದ ಗಂಗಾಧರಯ್ಯನವರ ಅಕ್ಕಿ ಮಂಡಿಯ ಹಿಂದಿನ ಪಡಸಾಲೆಯಲ್ಲಿ ಸಭೆ ಸೇರಿತು. ಸೋಮಲಿಂಗಪ್ಪನವರು ಕಾಗದವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಸಾವಿಗೆ ಇಷ್ಟು ಕೊಡುತ್ತೇವೆ ಎಂದು ಮಾತು ಕೊಟ್ಟ ಮೇಲೆ ಅದು ವಿಮೆ. ಎಷ್ಟು ಜನ ಸಾಯುತ್ತಾರೋ ಅಷ್ಟು ಸಲ ಉಳಿದವರಿಂದ ಎತ್ತಿ ಹಂಚುವ ವಿಮೆಯನ್ನು ಕಾಯಿದೆ ನಿಷೇಧ ಮಾಡಿದೆ. ಮುದುಕರಾಗುತ್ತಾ ಹೋದಂತೆ ಸಾವು ಹೆಚ್ಚುತ್ತವೆ, ಹುಡುಗರು ಸೇರುವುದಿಲ್ಲ, ಕೊನೆಗೆ ಉಳಿದವರಿಗೆ ಹಾಕುವವರೇ ಇರುವುದಿಲ್ಲ. ಅಲ್ಲದೆ ಜೀವವಿಮೆಯನ್ನು ಈಗ ಸರ್ಕಾರವೇ ವಹಿಸಿಕೊಂಡಿದೆ. ಆದ್ದರಿಂದ ನಿಧಿಯನ್ನು ಮುಚ್ಚಿ, ಇದ್ದದ್ದನ್ನು ಸದಸ್ಯರಿಗೆ ಹಂಚಿ, ಇಲ್ಲವೇ ನಿಮ್ಮದು ಹೇಗೆ ವಿಮೆಯಲ್ಲ ಎಂದು ಬರೆದು ತಿಳಿಸಿ.

ಕಾಗದ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ಸಭೆಗೆ ಸಿಟ್ಟು ಬರಿಸಿದ್ದು.

“ನಮ್ಮ ದುಡ್ಡು, ನಮ್ಮ ಸಾವು. ಡೆಲ್ಲಿಯವರಿಗೇನ್ರೀ ಮಧ್ಯೆ?” ಎಂದರು ಗಂಗಾಧರಯ್ಯ.

ಸೋಮಲಿಂಗಪ್ಪನವರು ಅಷ್ಟರಲ್ಲಾಗಲೇ ಒಬ್ಬ ವಕೀಲರನ್ನು ಕಂಡುಬಂದಿದ್ದರು. “ಯಾಕೆ ಮುಚ್ಚಬೇಕು? ಏಳನೇ ನಿಯಮದಲ್ಲಿ ಒಂದು ಮಾತು ತಿದ್ದಿದ್ರೆ ಸಾಕಂತೆ. ಕೊಡತಕ್ಕದ್ದು ಅಂತಿದ್ರೆ ವಿಮೆ, ಕೊಡಬಹುದು ಅಂತಿದ್ರೆ ಧರ್ಮ. ಧರ್ಮ ಮಾಡೋಕೆ ಯಾರ ಅಪ್ಪಣೆಯೂ ಬೇಕಿಲ್ಲ. ಎಲ್ಲ ಸದಸ್ಯರ ಒಪ್ಪಿಗೆ ಪಡೆದು ಕಳಿಸಿದ್ರೆ ಆಯ್ತು” ಅಂದರು.

ಬಾಗಿಲ ಹತ್ತಿರ ಕೂತಿದ್ದ ಅಕ್ಕಯಮ್ಮ ಕೇಳಿದಳು. “ಎಲ್ಡೂ ಒಂದೇ ಅಲ್ವಾ ಸಾಮಿ?”

ಸೋಮಲಿಂಗಪ್ಪನವರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. “ನಡೆಯೋದೆಲ್ಲ ಹಿಂದಿನ ಹಾಗೇ ನಡೆಯುತ್ತೆ, ಅಕ್ಕಯಮ್ಮ” ಅಂದರು. ಆ ಗಳಿಗೆಯಲ್ಲಿ ಅವರು ಅದನ್ನು ನಂಬಿಯೇ ಹೇಳಿದ್ದು. ನಂಬಿದ್ದರು ಎಂಬುದಕ್ಕಾಗಿ ಅವರನ್ನು ಬಿಟ್ಟುಬಿಡಬೇಕೆಂದೇನೂ ಇಲ್ಲ.

ಒಪ್ಪಿಗೆಯ ಹಾಳೆ ಹಿಡಿದು ಮನೆಮನೆಗೆ ಹೋಗಬೇಕಾದವಳು ಅಕ್ಕಯಮ್ಮ. ಜೊತೆಗೆ ಹೆಬ್ಬೆಟ್ಟು ಒತ್ತಿಸಲು ಶಾಯಿಯ ಪ್ಯಾಡು. ಸಹಿ ಬಾರದವರೇ ಎಲ್ಲ. ಪ್ರತಿಯೊಂದು ಹೆಬ್ಬೆಟ್ಟಿನ ಕೆಳಗೆ ‘ಓದಿ ಹೇಳಿ, ತಿಳಿಸಿ, ಒಪ್ಪಿಗೆ ಪಡೆಯಲಾಯಿತು’ ಎಂದು ಸೋಮಲಿಂಗಪ್ಪನವರು ಮೊದಲೇ ಬರೆದಿಟ್ಟಿದ್ದರು. ಅದರ ಪಕ್ಕದಲ್ಲಿ ಸಾಕ್ಷಿಯ ಹೆಬ್ಬೆಟ್ಟು, ಅದು ಅಕ್ಕಯಮ್ಮನದು. ಆವತ್ತು ಅವಳು ಬರಿಗೈಯಲ್ಲಿ ಹೋಗಲಿಲ್ಲ. ಜನ ಬೆಚ್ಚಬಾರದೆಂದು ಖಾಲಿ ಚೊಂಬನ್ನು ಕೈಯಲ್ಲಿ ಹಿಡಿದು ಹೋದಳು.

ಏನಿದು ಎಂದು ಕೇಳಿದವರಿಗೆಲ್ಲ ಅವಳು ಒಂದೇ ಮಾತು ಹೇಳಿದಳು. “ಮೊದ್ಲು ಕೊಡತಕ್ಕದ್ದು ಅಂತ ಒರಟಾಗಿ ಬರ್ದಿದ್ರಂತೆ. ಈಗ ಕೊಡಬಹುದು ಅಂತ ಮರ್ಯಾದೆಯಾಗಿ ಬರ್ದವ್ರೆ. ಸರ್ಕಾರದೋರಿಗೆ ಮರ್ಯಾದೆ ಬೇಕಂತೆ.” ಜನಕ್ಕೆ ಅದು ಸರಿಯೆನಿಸಿತು. ಅವರ ಕಿವಿಗೆ ‘ಬಹುದು’ ದೊಡ್ಡ ಮನೆಗಳ ಮಾತು. ದೊಡ್ಡವರು ಆಗಬಹುದು ಎಂದರೆ ಆಯಿತು ಎಂದೇ ಅರ್ಥ. ಆಗದೆಯೂ ಇರಬಹುದು ಎಂದು ಅದರ ಹಿಂದೆ ಇನ್ನೊಂದು ಅರ್ಥ ಬಾಲ ಮಡಚಿಕೊಂಡು ಕೂತಿರುತ್ತದೆಂದು ಹೇಳಿಕೊಟ್ಟವರು ಯಾರು?

ಚಿಕ್ಕಬೈರಪ್ಪ ಮಾತ್ರ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡವನು ಒಂದು ಕ್ಷಣ ತಡೆದ. “ಬಹುದು ಅಂದ್ರೆ, ಕೊಟ್ರೂ ಕೊಟ್ರು, ಬಿಟ್ರೂ ಬಿಟ್ರು ಅಂತಲ್ವಾ ಅಕ್ಕಯಮ್ಮ?”

“ನೀನು ನಂಗೆ ಒಳಗೆ ಬರ್ಬಹುದು ಅಂತೀಯಲ್ಲ, ಬರಬ್ಯಾಡ ಅಂತಾನಾ ಅದ್ರ ಅರ್ಥ?” ಎಂದಳು ಅಕ್ಕಯಮ್ಮ.

ಅವನು ಗೊಳ್ಳೆಂದು ನಕ್ಕ. “ಸೋತೆ ಬಿಡು” ಎಂದು ಒತ್ತಿದ. ಅವನ ಹೆಬ್ಬೆಟ್ಟಿಗೆ ಗೆರೆಗಳೇ ಉಳಿದಿರಲಿಲ್ಲ, ಸುಣ್ಣ ತಿಂದುಹಾಕಿತ್ತು. ಹಾಳೆಯ ಮೇಲೆ ಬರೀ ಒಂದು ನೀಲಿ ಮಚ್ಚೆ ಮೂಡಿತು.

ಆ ವರ್ಷ ಮುಂಗಾರಿನಲ್ಲಿ ಫ್ಲೂ ಜ್ವರ ಬಂತು. ಅಕ್ಕಯಮ್ಮ ಒಂದೇ ತಿಂಗಳಲ್ಲಿ ಆರು ಸಲ ಬರಿಗೈಯಲ್ಲಿ ಹೊರಟಳು. ಮೂರನೆಯ ಸಲಕ್ಕೆ ಜನ ಗೊಣಗಿದರು, ಐದನೆಯ ಸಲಕ್ಕೆ ಬಾಗಿಲು ಹಾಕಿಕೊಂಡರು. ಸರ್ಕಾರದ ಕಾಗದದಲ್ಲಿ ಬರೆದಿದ್ದು ಅಕ್ಷರಕ್ಷರ ನಡೆಯುತ್ತಿತ್ತು. ಆದರೂ ಆರು ಮನೆಗೂ ಹೇಗೋ ಸಹಾಯಧನ ಮುಟ್ಟಿತು. ಮುಟ್ಟಿದ್ದರಿಂದ ‘ಬಹುದು’ ಎಂಬುದು ಹಳೆಯ ಮಾತೇ ಎಂದು ಎಲ್ಲರೂ ನೆಮ್ಮದಿಯಾಗಿದ್ದರು.

ಐವತ್ತೆಂಟರ ಕಾರ್ತಿಕದಲ್ಲಿ ನಾಲ್ಕನೇ ಬ್ಲಾಕಿನ ಒಂದು ಮನೆಗೆ ಮಹಡಿ ಎತ್ತುತ್ತಿದ್ದಾಗ ಸಾರವೆಯ ಬೊಂಬು ಜಾರಿ ಚಿಕ್ಕಬೈರಪ್ಪ ಕೆಳಕ್ಕೆ ಬಿದ್ದ. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು. ಅಂಜನಮ್ಮ ಆಗ ಹಸಿ ಬಾಣಂತಿ. ಎರಡನೆಯ ಮಗಳು ಅಮ್ಮಣ್ಣಿ ಹುಟ್ಟಿ ಇನ್ನೂ ತಿಂಗಳಾಗಿರಲಿಲ್ಲ. ವಿಮಲಾಗೆ ಒಂಬತ್ತು ವರ್ಷ.

ಮೂರನೆಯ ದಿನ ಚಿಕ್ಕಬೈರಪ್ಪನ ಅಣ್ಣ ಬೈರಣ್ಣ ಬೊಮ್ಮನಹಳ್ಳಿಯಿಂದ ಬಂದು ಕೂತ. ವಿಮಲಾಳನ್ನು ತಾನು ಕರೆದುಕೊಂಡು ಹೋಗುತ್ತೇನೆ, ಎಮ್ಮೆ ನೋಡಿಕೊಂಡು ಇರಲಿ ಅಂದ. ಅಂಜನಮ್ಮ ಹಸುಗೂಸಿನೊಂದಿಗೆ ಯಾರ ಮನೆಯಲ್ಲಾದರೂ ಅಡಿಗೆಗೋ ಕಸ ಮುಸುರೆಗೋ ಸೇರಿಕೊಳ್ಳಬೇಕು, ಅಂಥ ಕಡೆ ಎರಡು ಮಕ್ಕಳನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಅವನ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ಅಕ್ಕಯಮ್ಮ ಅದನ್ನು ಕೇಳಿಸಿಕೊಂಡಳು. ಒಂಬತ್ತು ವರ್ಷದ ಹಿಂದೆ ಇದೇ ಮಾತನ್ನು ಬೇರೆ ಬಾಯಿಗಳಲ್ಲಿ ಕೇಳಿದ್ದವಳು.

“ಹನ್ನೊಂದ್ರ ತಂಕ ತಡ್ಕೊ ಬೈರಣ್ಣ. ನಿಧಿಯಿಂದ ಬತ್ತದೆ. ಬಂದ್ರೆ ಒಂದು ಎಮ್ಮೆ ಕಟ್ಟಾನ. ಮಗೀನ ಎಲ್ಲೂ ಕಳಿಸ್ಬೇಕಾಗಿಲ್ಲ” ಅಂದಳು.

ಅಂಜನಮ್ಮ ಕೂಸಿಗೆ ಹಾಲು ಕೊಡುತ್ತಿದ್ದವಳು ತಲೆಯೆತ್ತಿ, “ಖಂಡಿತಾ ಬತ್ತದಾ ಅಕ್ಕಯಮ್ಮ?” ಎಂದು ಕೇಳಿದಳು.

“ನನ್ನ ಮಕ್ಕಳ ಮೇಲಾಣೆ” ಅಂದಳು ಅಕ್ಕಯಮ್ಮ.

ಅಲ್ಲಿಂದ ನೆಟ್ಟಗೆ ಅಕ್ಕಿ ಮಂಡಿಗೆ ಬಂದಳು. ಸಾವಿನ ಸುದ್ದಿ ಹೇಳಿಬರಲು ಅಪ್ಪಣೆ ಕೊಡಿ ಎಂದರೆ ಗಂಗಾಧರಯ್ಯನವರು ಸೋಮಲಿಂಗಪ್ಪನವರ ಮುಖ ನೋಡಿದರು. ಸೋಮಲಿಂಗಪ್ಪನವರು ನೆಲ ನೋಡಿದರು.

“ಈ ಸಲ ಬೇಡ ಅಕ್ಕಯಮ್ಮ” ಎಂದರು ಗಂಗಾಧರಯ್ಯ. “ಜನ ಬೇಸತ್ತಿದಾರೆ. ಮತ್ತೆ ಕೇಳಿದ್ರೆ ಇರೋರೂ ಬಿಟ್ಟುಹೋಗ್ತಾರೆ. ಗಂಟಿನಲ್ಲಿ ಉಳಿದಿರೋದು ಸ್ವಲ್ಪ, ಅದನ್ನ ಹಳಬರಿಗೆ ಅಂತ ಇಡೋಣ ಅಂತ ಕಮಿಟಿ ತೀರ್ಮಾನ ಮಾಡಿದೆ.”

“ತೀರ್ಮಾನ ಮಾಡಾಕೆ ಏನೈತೆ ಸಾಮಿ? ಏಳನೇ ನಿಯಮ ಐತಲ್ಲ?”

“ಏಳನೇ ನಿಯಮದಲ್ಲೇ ಇದೆ” ಎಂದರು ಸೋಮಲಿಂಗಪ್ಪ. ಅವರ ದನಿ ಬಹಳ ತಗ್ಗಿತ್ತು. “ಕೊಡಬಹುದು ಅಂತ ಇದೆ. ಕೊಡಲೇಬೇಕು ಅಂತಿಲ್ಲ.”

ಅವಳಿಗೆ ಅದು ತಲೆಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಹತ್ತಿದ ಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗಂಗಾಧರಯ್ಯನವರು, ಪಾಪ, ಮಂಡಿಯ ಹುಡುಗನಿಗೆ ನೀರು ತರಲು ಹೇಳಿ, “ಕೂತ್ಕೋಬಹುದು, ಅಕ್ಕಯಮ್ಮ” ಎಂದರು.

“ಕೂತ್ಕೋ ಅಂತೀರಾ, ಬ್ಯಾಡ ಅಂತೀರಾ?” ಎಂದು ಅವಳು ಕೇಳಿದಳು. ಅವಳು ಕೂರಲೂ ಇಲ್ಲ, ನೀರು ಮುಟ್ಟಲೂ ಇಲ್ಲ.

ಆರನೆಯ ದಿನ ಅವಳು ಲಾಲ್‌ಬಾಗಿನ ಒಳಗೆ ಹಾದು ಪೇಟೆಯ ಕಡೆ ನಡೆದು, ಕೇಳುತ್ತಾ ಕೇಳುತ್ತಾ ಆ ಸರ್ಕಾರಿ ಕಚೇರಿಯನ್ನು ಹುಡುಕಿದಳು. ಕಾಗದ ಬರೆದಿದ್ದ ಅಧಿಕಾರಿ ಮಧ್ಯಾಹ್ನದ ತನಕ ಸಿಗಲಿಲ್ಲ. ಸಿಕ್ಕವನು ನಡುವಯಸ್ಸಿನವನು, ಅವಳನ್ನು ಎದುರಿಗೆ ಬೆಂಚಿನ ಮೇಲೆ ಕೂರಿಸಿ ಎಲ್ಲವನ್ನೂ ಕೇಳಿದ, ನಡುವೆ ಒಂದು ಸಲವೂ ಗಡಿಯಾರ ನೋಡಲಿಲ್ಲ. ಆಮೇಲೆ ಕಡತ ತರಿಸಿದ.

“ಕೊಡಬ್ಯಾಡಿ ಅಂತ ನೀವೇನಾರ ಬರ್ದಿದ್ರಾ ಸಾಮಿ?”

“ಇಲ್ಲಮ್ಮ. ಕೊಡೋಕಾಗದ ಮಾತನ್ನ ಜನಕ್ಕೆ ಕೊಡಬೇಡಿ ಅಂತ ಬರೆದಿದ್ದೆ.”

“ನೀವು ಹಂಗೆ ಬರ್ದಿದ್ದೇ ತಪ್ಪು ಅಂದ್ಕೊಂಡಿದ್ವಿ ನಾವು.”

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. “ಹಳೇ ಮಾತೇ ಇದ್ದಿದ್ರೆ ಆವತ್ತೇ ನಿಮ್ಮ ನಿಧಿ ಮುಚ್ಚಿಸ್ತಿದ್ದೆ. ಎಲ್ಲರಿಗೂ ಅವರವರ ಪಾಲು ಕೈಗೆ ಬರ್ತಿತ್ತು. ನಿಮ್ಮ ಗಾರೆಯವನು ಗಟ್ಟಿ ಆಳು, ಸರ್ಕಾರದ ವಿಮೆಗೆ ಸೇರ್ಕೊಳ್ತಿದ್ನೋ ಏನೋ. ಸೇರದಿದ್ರೂ ಇಲ್ಲದ್ದನ್ನ ನಂಬ್ಕೊಂಡು ಸಾರವೆ ಹತ್ತುತಾ ಇರಲಿಲ್ಲ.”

“ಆಗಿದ್ದಾಯ್ತು. ಈಗ ಅವ್ರಿಗೊಂದು ಕಾಗದ ಬರೀರಿ. ಕೊಡತಕ್ಕದ್ದು ಅಂತ ಬರೀರಿ ಸಾಮಿ, ನಿಮ್ಮ ಮಾತು ಕೇಳ್ತಾರೆ.”

“ಬರೆಯೋ ಅಧಿಕಾರ ನನಗಿಲ್ಲ. ವಿಮೆ ಆಗಿದ್ರೆ ಕೊಡ್ರಿ ಅಂತ ಕತ್ತು ಹಿಡಿದು ಕೇಳಬಹುದಿತ್ತು. ಇದು ವಿಮೆಯಲ್ಲ, ಧರ್ಮ ಅಂತ ನೀವೇ ಬರೆದುಕೊಟ್ಟಿದೀರಿ. ಧರ್ಮ ಮಾಡು ಅಂತ ಯಾವ ಕಾಯಿದೇನೂ ಯಾರಿಗೂ ಹೇಳೋಕಾಗಲ್ಲ.” ಅವನು ಕಡತವನ್ನು ಅವಳ ಕಡೆ ತಿರುಗಿಸಿದ.

ಹಾಳೆಯ ಮೇಲೆ ಹಾಳೆ. ಅವಳಿಗೆ ಅಕ್ಷರ ಬರದು, ಆದರೆ ಒಂದು ಗುರುತು ಮಾತ್ರ ಎಲ್ಲಿದ್ದರೂ ಕಣ್ಣಿಗೆ ಹೊಡೆಯುತ್ತಿತ್ತು. ಎಳೆಯ ವಯಸ್ಸಿನಲ್ಲಿ ಕುಡುಗೋಲು ತಾಗಿ ಅವಳ ಎಡಗೈ ಹೆಬ್ಬೆರಳಿನ ಮೇಲೆ ಅಡ್ಡ ಗೀರು ಬಿದ್ದಿತ್ತು. ಆ ಅಡ್ಡ ಗೀರು ಪ್ರತಿ ಹೆಬ್ಬೆಟ್ಟಿನ ಪಕ್ಕದಲ್ಲೂ ಇತ್ತು. ಒಂದು ಕಡೆ ಗೆರೆಯೇ ಇಲ್ಲದ ನೀಲಿ ಮಚ್ಚೆ, ಅದರ ಪಕ್ಕದಲ್ಲೂ ಅದೇ ಗೀರು. ಅವನು ತಡೆದಿದ್ದ, ಕೇಳಿದ್ದ. ನಗಿಸಿ ಒತ್ತಿಸಿಕೊಂಡವಳು ತಾನು.

“ಇದೊಂದು ಹಾಳೆ ನಂಗೆ ವಾಪಸ್ ಕೊಡಿ ಸಾಮಿ. ನನ್ನ ಹೆಬ್ಬೆಟ್ಟು ನಾನು ವಾಪಸ್ ತಗೊಂಡೋಯ್ತೀನಿ.”

ಅಧಿಕಾರಿ ಕಡತ ಮುಚ್ಚಿ ದಾರ ಕಟ್ಟಿದ.

ಹಿಂದಕ್ಕೆ ಬರುವಾಗ ಅವಳಿಗೆ ದಾರಿಯೇ ಕಾಣಲಿಲ್ಲ. ಮನೆಗೆ ಬಂದವಳೇ ತನ್ನ ಎಮ್ಮೆಯ ಹಗ್ಗ ಬಿಚ್ಚಿ ಅದನ್ನು ವಠಾರದ ಮುಂದಕ್ಕೆ ಹೊಡೆದುಕೊಂಡು ಬಂದು, “ಇದನ್ನ ಕಟ್ಕೊ ಅಂಜನಮ್ಮ” ಅಂದಳು. ಬೈರಣ್ಣ ಎದ್ದು ಬಂದು ಎಮ್ಮೆಯ ಕೆಚ್ಚಲು ಮುಟ್ಟಿ ನೋಡಿದ. ಎಮ್ಮೆ ಗಬ್ಬವಾಗಿತ್ತು, ಹಾಲು ಬತ್ತಿ ತಿಂಗಳಾಗಿತ್ತು. “ಈಯೋಕೆ ಇನ್ನೂ ನಾಕು ತಿಂಗಳು. ಅಲ್ಲೀತನಕ ಇದಕ್ಕೆ ಹುಲ್ಲು ಹಾಕೋರ್ಯಾರು, ಇವ್ರಿಗೆ ಹಿಟ್ಟು ಹಾಕೋರ್ಯಾರು? ಹೊಡ್ಕೊಂಡೋಗು ಅಕ್ಕಯಮ್ಮ” ಎಂದ. ಮಾತಿನಲ್ಲಿ ಕುಹಕ ಇರಲಿಲ್ಲ. ಅವಳು ಎಮ್ಮೆಯನ್ನು ವಾಪಸ್ ಹೊಡೆದುಕೊಂಡು ಹೋದಳು.

ಎಂಟು, ಒಂಬತ್ತು, ಹತ್ತು, ಈ ಮೂರು ದಿನ ಅವಳು ಬರಿಗೈಯಲ್ಲಿ ಹೊರಟು ಇನ್ನೂರ ಹನ್ನೆರಡರಲ್ಲಿ ಬದುಕಿ ಉಳಿದಿದ್ದ ಎಲ್ಲರ ಮನೆ ಮುಂದೆಯೂ ನಿಂತಳು. ಕಮಿಟಿಯ ಅಪ್ಪಣೆ ಇರಲಿಲ್ಲ. ಒಳಗಿನಿಂದ ಎಂದಿನಂತೆ ಪ್ರಶ್ನೆ ಬರುತ್ತಿತ್ತು, “ಯಾರು ಹೋದ್ರು?”

“ಗಾರೆ ಚಿಕ್ಕಬೈರಪ್ಪ ಹೋದ. ಅವ್ನ ಜೊತೆ ನಿಧೀನೂ ಹೋಯ್ತು” ಎಂದು ಅವಳು ಹೇಳುತ್ತಿದ್ದಳು. “ಬಹುದು ಅಂದ್ರೆ ಕೊಡ್ತಾರೆ ಅಂತಲ್ವಂತೆ. ಕೊಡದೇ ಇದ್ರೂ ಯಾರೂ ಕೇಳೋಹಂಗಿಲ್ವಂತೆ. ನಾನು ನಿಮ್ಗೆ ತಪ್ಪು ಹೇಳ್ದೆ. ಗೊತ್ತಿಲ್ದೆ ಹೇಳ್ದೆ, ಆದ್ರೂ ಹೇಳಿದ್ದು ನಾನೇ. ನಿಮ್ಮ ಕೈಲಾದ್ರೆ ಆ ಮಗೀಗೆ ಒಂದು ರೂಪಾಯಿ ಕೊಡಿ. ಕೊಡ್ಲೇಬೇಕು ಅಂತ ಇಲ್ಲ.”

ಕೆಲವರು ಕೊಟ್ಟರು. ಬಹಳ ಜನ ಕಮಿಟಿ ಹೇಳಲಿ ನೋಡೋಣ ಅಂದರು. ಕೆಲವರು ಆ ಹೊಸಲಲ್ಲೇ ನಿಂತು ತಮ್ಮ ಗಂಡಂದಿರ, ತಮ್ಮ ಮಕ್ಕಳ ಲೆಕ್ಕ ಹಾಕಿಕೊಂಡು ಅಳತೊಡಗಿದರು. ಊದಿನಕಡ್ಡಿ ಹೊಸೆಯುವ ಲಕ್ಷ್ಮಮ್ಮ, ಹದಿನಾಲ್ಕು ವರ್ಷ ಒಂದು ಸಾವಿಗೂ ತಪ್ಪದೆ ರೂಪಾಯಿ ಇಟ್ಟವಳು, ಅಕ್ಕಯಮ್ಮನ ಮುಖಕ್ಕೆ ಏನೂ ಅನ್ನದೆ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಅಕ್ಕಯಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಹತ್ತನೆಯ ದಿನ ಸಂಜೆ ಗಂಗಾಧರಯ್ಯನವರು ನಿಧಿಯ ಹೆಸರು ಕೆಡಿಸುತ್ತಿದ್ದಾಳೆಂದು ಅವಳನ್ನು ಕೆಲಸದಿಂದ ತೆಗೆದುಹಾಕಿದರೆಂದು ಸುದ್ದಿ ಬಂತು. ಆ ಸುದ್ದಿ ಹೇಳಲು ಅವರಿಗೆ ಬೇರೆ ಯಾರನ್ನೋ ಕಳಿಸಬೇಕಾಯಿತು. ನಿಧಿ ಆಮೇಲೆ ಮೂರು ತಿಂಗಳೂ ನಡೆಯಲಿಲ್ಲ.

ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದರಲ್ಲಿ ಹನ್ನೊಂದನೆಯ ದಿನದ ಖರ್ಚು ನಡೆಯಿತು. ಎಮ್ಮೆಯ ಕಾಲು ಕೂಡ ಬರುವಷ್ಟಿರಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಬೈರಣ್ಣ ಗಾಡಿ ಕಟ್ಟಿದ. ಅಕ್ಕಯಮ್ಮ ಬೇಲಿಯ ಹೊರಗೆ ನಿಂತಿದ್ದಳು, ಕೈಯಲ್ಲಿ ಚೊಂಬಿರಲಿಲ್ಲ. ವಿಮಲಾ ತಲೆ ಬಾಚಿಸಿಕೊಂಡು, ಅಪ್ಪನ ಹಳೆಯ ಪಂಚೆ ಹರಿದು ಕಟ್ಟಿದ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದಳು. ಅವಳು ಅತ್ತಿದ್ದಳೋ ಏನೋ, ಈಗ ಅಳುತ್ತಿರಲಿಲ್ಲ. ಒಳಗೆ ಕೂಸು ಒಂದೇ ಸಮನೆ ಚೀರುತ್ತಿತ್ತು, ಅಂಜನಮ್ಮನ ದನಿ ಕೇಳುತ್ತಿರಲಿಲ್ಲ.

ಹುಡುಗಿ ಗಾಡಿಯ ಹತ್ತಿರ ಹೋದವಳು ಅಕ್ಕಯಮ್ಮನನ್ನು ಕಂಡು ನಿಂತಳು. ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, ಬಿಡುವಾದ ಕೈಯನ್ನು ಬಾಗಿಲ ಕಡೆ ಚಾಚಿದಳು, ಅಪ್ಪ ಚಾಚುತ್ತಿದ್ದ ಹಾಗೆಯೇ.

“ಒಳಗೆ ಬರ್ಬಹುದು, ಅಕ್ಕಯಮ್ಮ. ಅಮ್ಮ ಒಬ್ಳೇ ಇದಾಳೆ” ಅಂದಳು.

ಗಾಡಿ ಹೊಸೂರು ರಸ್ತೆಯ ಕಡೆ ತಿರುಗುವ ತನಕ ಅಕ್ಕಯಮ್ಮ ನಿಂತ ಕಡೆಯೇ ನಿಂತಿದ್ದಳು. ಹೋಗಬೇಕೋ ಬೇಡವೋ, ಆ ಮಾತಿನಿಂದ ಅವಳಿಗೆ ತಿಳಿಯಲಿಲ್ಲ.